ಧ್ವನಿಸುರುಳಿಗೊಂದು ಸನದು

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕರ್ನಾಟಕದ ಗಡಿ ದಾಟುವ ಮೊದಲು ಸಿಗುವ ಊರು ಪುಣಜನೂರು. ಅಲ್ಲಿನ ತಪಾಸಣಾ ಠಾಣೆಯ ದೆಸೆಯಿಂದ ಲಾರಿ ಚಾಲಕರಿಗೆಲ್ಲ ಈ ಹೆಸರು ಪರಿಚಿತ. ಸುತ್ತ ಬಿಳಿಗಿರಿರಂಗನ ಬೆಟ್ಟದ ಕಾಡು, ಕಾಡಿನೊಳಗೆ ಸೋಲಿಗರ ಪೋಡುಗಳು, ಗಡಿಯಾಚೆ ತಮಿಳುನಾಡಿಗೆ ಸೇರಿದ ತಾಳವಾಡಿಯ ಕನ್ನಡ ಸೀಮೆ. ಪೂರ್ವಕ್ಕೆ ಮಲೆ ಮಹದೇಶ್ವರ ಬೆಟ್ಟ. ಕೊಳ್ಳೇಗಾಲದ ಕಡೆಗೆ ಹೋದರೆ ಸಿದ್ಧಪ್ಪಾಜಿಯ ಚಿಕ್ಕಲ್ಲೂರು. ನಮ್ಮ ನಾಡಿನ ಎರಡು ದೊಡ್ಡ ಮೌಖಿಕ ಕಾವ್ಯಗಳು, ಮಂಟೇಸ್ವಾಮಿಯದು ಮತ್ತು ಮಾದಪ್ಪನದು, ಹಾಡಾಗಿ ಉಳಿದು ಬಂದಿರುವುದು ಈ ಸೀಮೆಯ ಜನರ ನಾಲಗೆಯ ಮೇಲೆ.

ಈ ಹಾಡುಗಳು ಯಂತ್ರದೊಳಗೆ ಸೇರಿ ಅರ್ಧ ಶತಮಾನ ಕಳೆದಿದೆ. ಮೊದಲು ವಿದ್ವಾಂಸರ ಟೇಪ್ ರೆಕಾರ್ಡರು ಬಂತು. ಆಮೇಲೆ ಸಂತೆ, ಜಾತ್ರೆಗಳಲ್ಲಿ ಮಾರುವ ಕ್ಯಾಸೆಟ್ಟು, ಸಿ.ಡಿ., ಈಗ ಕೈಯಲ್ಲಿರುವ ಮೊಬೈಲು. ಹೀಗೆ ದಾಖಲಾದ ಧ್ವನಿಗಳಲ್ಲಿ ಎಷ್ಟಕ್ಕೆ ಹೆಸರಿದೆ? ಹಾಡಿದವರು ಯಾರು, ಯಾವ ಊರಿನವರು, ಯಾರಿಂದ ಕಲಿತರು, ಯಾವ ವರ್ಷ ಯಾರ ಮುಂದೆ ಹಾಡಿದರು ಎಂಬುದು ಎಷ್ಟು ಕ್ಯಾಸೆಟ್ಟಿನ ಮೇಲೆ ಬರೆದಿದೆ? ಈ ಲೇಖನದ ವಿಷಯ ಇಷ್ಟೇ. ಇದನ್ನು ಹೇಳಲು ಸ್ವಲ್ಪ ದೂರದ ಜಪಾನಿನವರೆಗೂ ಹೋಗಿ ಬರಬೇಕಾಗುತ್ತದೆ. ಅಲ್ಲಿನ ಕೆಲವು ರಾಕ್ ಸಂಗೀತಗಾರರ ಟೇಪುಗಳ ಕತೆ ನಮ್ಮ ನೀಲಗಾರರ ಟೇಪುಗಳ ಕತೆಗೆ ವಿಚಿತ್ರ ರೀತಿಯಲ್ಲಿ ಹತ್ತಿರದ್ದಾಗಿದೆ.

ರಾತ್ರಿಯ ಕಾವ್ಯ

ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ಧಪ್ಪಾಜಿಯರ ಕತೆಯನ್ನು ಹಾಡುವವರು ನೀಲಗಾರರು. ಇವರಲ್ಲಿ ಬಹುಪಾಲು ಜನ ದಲಿತ ಸಮುದಾಯದವರು. ತಂಬೂರಿ, ಗಗ್ಗರ, ಡಮ್ಮಡಿ ಇವರ ವಾದ್ಯಗಳು. ಮಹದೇಶ್ವರನ ಕತೆಯನ್ನು ಹಾಡುವವರು ದೇವರಗುಡ್ಡರು. ಒಂದು ಬಟ್ಟಲಿನಂತೆ, ಇನ್ನೊಂದು ತಟ್ಟೆಯಂತೆ ಇರುವ ಕಂಚಿನ ಜೋಡಿ ತಾಳವಾದ ಕಂಸಾಳೆ ಇವರ ಗುರುತು. ಹಾಲುಮತ ಸೇರಿದಂತೆ ಹಲವು ಸಮುದಾಯಗಳವರು ಇವರಲ್ಲಿದ್ದಾರೆ. ಮಾದಪ್ಪನ ಕಾವ್ಯವನ್ನು ‘ಸಾಲು’ಗಳಾಗಿ ವಿಂಗಡಿಸುವುದು ವಾಡಿಕೆ: ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಸಂಕಮ್ಮನ ಸಾಲು. ಒಂದೊಂದು ಸಾಲನ್ನೂ ರಾತ್ರಿಯಿಡೀ ಹಾಡಬಹುದು. ಪೂರ್ತಿ ಕಾವ್ಯಕ್ಕೆ ಹಲವು ರಾತ್ರಿಗಳು ಬೇಕು.

ಇದರ ಜೀವ ಇರುವುದು ಮತ್ತೆ ಮತ್ತೆ ಬರುವ ಸೊಲ್ಲಿನಲ್ಲಿ. ಮುಂದಾಳು ಒಂದು ಮಾತು ಎತ್ತುತ್ತಾನೆ, ಹಿಮ್ಮೇಳದವರು ಸೊಲ್ಲು ಕೊಡುತ್ತಾರೆ. ತಂಬೂರಿಯ ಶ್ರುತಿ ನಿಲ್ಲುವುದಿಲ್ಲ. ನಡುರಾತ್ರಿ ಕಳೆದ ಮೇಲೆ ಕೇಳುವವರಿಗೆ ಕಾಲದ ಲೆಕ್ಕ ತಪ್ಪುತ್ತದೆ. ಕತೆ ಎಲ್ಲರಿಗೂ ಮೊದಲೇ ಗೊತ್ತು. ಆದರೂ ಬೆಳಗಿನವರೆಗೆ ಕೂರುತ್ತಾರೆ. ನಿನ್ನೆ ಹಾಡಿದ ಹಾಗೆ ಇವತ್ತು ಹಾಡುವುದಿಲ್ಲ. ಕೇಳುವವರನ್ನು ನೋಡಿ ಒಂದು ಕಡೆ ಹಿಗ್ಗಿಸುತ್ತಾರೆ, ಒಂದು ಕಡೆ ಕುಗ್ಗಿಸುತ್ತಾರೆ. ಹಾಗಾಗಿ ಇಲ್ಲಿ ‘ಮೂಲ ಪಾಠ’ ಎಂಬುದೊಂದು ಇಲ್ಲ. ಪ್ರತಿ ರಾತ್ರಿಯ ಹಾಡೂ ಒಂದು ಪಾಠ.

ಸೋಲಿಗರಿಗೆ ಈ ಕಾವ್ಯದಲ್ಲಿ ದೊಡ್ಡ ಸ್ಥಾನವಿದೆ. ಸಂಕಮ್ಮ ಸೋಲಿಗರ ಹೆಣ್ಣು. ಜೇನು ಕೀಳಲು ಕಾಡಿಗೆ ಹೊರಟ ಗಂಡ ಅವಳ ಶೀಲವನ್ನು ಶಂಕಿಸಿ ಹಿಂಸಿಸುತ್ತಾನೆ. ಮಾದಪ್ಪ ಜಂಗಮನಾಗಿ ಅವಳ ಬಾಗಿಲಿಗೆ ಬರುತ್ತಾನೆ. ಹಳ್ಳಿಯ ಹೆಂಗಸರು ಕಣ್ಣೀರಿಟ್ಟು ಕೇಳುವ ಭಾಗ ಇದು. ಇದಲ್ಲದೆ ಸೋಲಿಗರದೇ ಆದ ಗೊರುಕನ ಹಾಡು, ಕುಣಿತ ಬೇರೆ ಇದೆ.

ಪುಸ್ತಕಕ್ಕೆ ಬಂದದ್ದು, ಬಾರದ್ದು

ಈ ಹಾಡುಗಳನ್ನು ಮೊದಲು ಗಂಭೀರವಾಗಿ ದಾಖಲಿಸಿದವರು ನಮ್ಮ ಜಾನಪದ ವಿದ್ವಾಂಸರು. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾಯಿತು. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಲ್ಲಿ ಬಂತು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ರೂಪಿಸಿದರು. ಅದರ ಧ್ವನಿ ಸಂಗ್ರಹ ನಾಡಿನ ಆಸ್ತಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಹಿ.ಚಿ. ಬೋರಲಿಂಗಯ್ಯ ಅವರ ಸಂಪಾದಕತ್ವದಲ್ಲಿ ಮಂಟೇಸ್ವಾಮಿ ಕಾವ್ಯವನ್ನೂ ಕೆ. ಕೇಶವನ್ ಪ್ರಸಾದ್ ಅವರ ಸಂಪಾದಕತ್ವದಲ್ಲಿ ಮಲೆ ಮಾದೇಶ್ವರ ಕಾವ್ಯವನ್ನೂ ಪ್ರಕಟಿಸಿತು. ಎರಡನೆಯದನ್ನು ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು. ಅದೇ ಪಾಠ ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅವರ ಅನುವಾದದಲ್ಲಿ 2001ರಲ್ಲಿ ಸಾಹಿತ್ಯ ಅಕಾದೆಮಿಯ ಮೂಲಕ ಇಂಗ್ಲಿಷಿಗೂ ಹೋಯಿತು.

ಈ ಕೆಲಸಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ಇಲ್ಲಿ ಹಾಡುಗಾರನ ಹೆಸರು ಪುಸ್ತಕದಲ್ಲಿ ಉಳಿಯಿತು. ಆದರೆ ಪುಸ್ತಕಕ್ಕೆ ಬರುವುದು ಮಾತು ಮಾತ್ರ. ತಂಬೂರಿಯ ಗುಂಯ್‌ಗುಡುವಿಕೆ, ಮೂರನೇ ಜಾವದಲ್ಲಿ ಒಡೆದ ಗಂಟಲು, ಹಿಮ್ಮೇಳದವನು ಉಸಿರು ತೆಗೆದುಕೊಂಡ ಜಾಗ, ಸಭೆಯಲ್ಲಿ ಯಾರೋ ನಕ್ಕ ಸದ್ದು ಅಚ್ಚಿಗೆ ಸಿಗುವುದಿಲ್ಲ. ಅವೆಲ್ಲ ಟೇಪಿನಲ್ಲಿ ಇದ್ದವು. ಪುಸ್ತಕ ಅಚ್ಚಾದ ಮೇಲೆ ಟೇಪು ‘ಮುಗಿದ ಕೆಲಸದ ಕಚ್ಚಾ ಮಾಲು’ ಎಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬಹಳ ಕಾಲ ಇತ್ತು. ಅಕ್ಷರಕ್ಕೆ ಕೊಟ್ಟ ಗೌರವವನ್ನು ನಾವು ಧ್ವನಿಗೆ ಕೊಡಲಿಲ್ಲ.

ಕೊಲ್ಲಿಯಿಂದ ಬಂದ ಪೆಟ್ಟಿಗೆ

ಹಳ್ಳಿಯವರ ಕೈಗೆ ಧ್ವನಿ ಸಿಕ್ಕಿದ್ದು ಕ್ಯಾಸೆಟ್ಟಿನಿಂದ. ಹಾಲೆಂಡಿನ ಫಿಲಿಪ್ಸ್ ಕಂಪೆನಿ 1963ರಲ್ಲಿ ಈ ಪುಟ್ಟ ಪೆಟ್ಟಿಗೆಯನ್ನು ಹೊರತಂದಿತು. ಅದನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿದ್ದರಲ್ಲಿ ಜಪಾನಿನ ಕಾರ್ಖಾನೆಗಳ ಪಾಲು ದೊಡ್ಡದು. ಸೋನಿ, ನ್ಯಾಷನಲ್ ಪ್ಯಾನಾಸೋನಿಕ್, ಸ್ಯಾನ್ಯೊ, ಅಕಾಯ್ ಎಂಬ ಹೆಸರುಗಳು ಒಂದು ಕಾಲದಲ್ಲಿ ನಮ್ಮಲ್ಲಿ ಮನೆಮಾತಾಗಿದ್ದವು.

ಇವು ಭಾರತಕ್ಕೆ ಬಂದ ದಾರಿ ನಮ್ಮ ಸಮುದಾಯಕ್ಕೆ ಚೆನ್ನಾಗಿ ಗೊತ್ತು. 1973ರ ತೈಲ ಬೆಲೆ ಏರಿಕೆಯ ನಂತರ ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸ ಹೆಚ್ಚಿತು. ಮಲಬಾರು, ಮಂಗಳೂರು, ಭಟ್ಕಳ, ಉಡುಪಿಯ ಕಡೆಯಿಂದ ಹೋದ ಯುವಕರು ರಜೆಗೆ ಬರುವಾಗ ಅತ್ತರು, ಕೊಡೆ, ಬಟ್ಟೆಗಳ ಜೊತೆಗೆ ಒಂದು ‘ಟೂ ಇನ್ ಒನ್’ ತರುತ್ತಿದ್ದರು. ಕ್ಯಾಸೆಟ್ ಸಂಸ್ಕೃತಿಯ ಬಗ್ಗೆ 1993ರಲ್ಲಿ ಪುಸ್ತಕ ಬರೆದ ಪೀಟರ್ ಮ್ಯಾನುಯೆಲ್ ಕೂಡ ಭಾರತದಲ್ಲಿ ಕ್ಯಾಸೆಟ್ ಹರಡಲು ಕೊಲ್ಲಿಯ ಕೆಲಸಗಾರರು ತಂದ ಯಂತ್ರಗಳು ಕಾರಣವಾದುದನ್ನು ಗುರುತಿಸಿದ್ದಾರೆ. ಅಕ್ಷರ ಬಾರದ ಅಮ್ಮಂದಿರು ಮಗನಿಗೆ ಖಾಲಿ ಕ್ಯಾಸೆಟ್ಟಿನಲ್ಲಿ ‘ಕಾಗದ’ ಕಳುಹಿಸಿದ್ದು ಈ ಪೆಟ್ಟಿಗೆಯಿಂದಲೇ. ಗ್ರಾಮಫೋನ್ ಕಂಪೆನಿಯ ಏಕಸ್ವಾಮ್ಯ ಇದ್ದಾಗ ಯಾರ ಧ್ವನಿ ಮುದ್ರಣವಾಗಬೇಕು ಎಂಬುದನ್ನು ಕಂಪೆನಿ ತೀರ್ಮಾನಿಸುತ್ತಿತ್ತು. ಕ್ಯಾಸೆಟ್ ಬಂದ ಮೇಲೆ ಯಾರು ಬೇಕಾದರೂ ಒಂದು ಗುಂಡಿ ಒತ್ತಿ ಮುದ್ರಿಸಬಹುದಾಯಿತು.

ಕನ್ನಡದಲ್ಲಿ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕವಿತೆ ಕೆ.ಎಸ್. ನಿಸಾರ್ ಅಹಮದರದು, ರಾಗ ಮೈಸೂರು ಅನಂತಸ್ವಾಮಿಯವರದು. ಕನ್ನಡ ಕಾವ್ಯ ಕ್ಯಾಸೆಟ್ಟಿನ ಮೂಲಕ ಮನೆಗೆ ಬಂದಾಗ ಅದು ಒಬ್ಬ ಮುಸ್ಲಿಮ್ ಕವಿಯ ಕಾವ್ಯವಾಗಿತ್ತು ಎಂಬುದು ನೆನಪಿಡಬೇಕಾದ ಸಂಗತಿ. ಅದರ ಬೆನ್ನಿಗೆ ಬೆಂಗಳೂರಿನ ಕ್ಯಾಸೆಟ್ ಕಂಪೆನಿಗಳು ಬೆಳೆದವು. ಭಕ್ತಿಗೀತೆ, ಚಿತ್ರಗೀತೆ, ನಾಟಕಗಳ ಜೊತೆ ಜನಪದ ಕಾವ್ಯಗಳೂ ಮಾರಾಟಕ್ಕೆ ಬಂದವು. ಮಳವಳ್ಳಿ ಮಹದೇವಸ್ವಾಮಿ, ಮೈಸೂರು ಗುರುರಾಜ್, ಕಂಸಾಳೆ ಮಹದೇವಯ್ಯ ಮೊದಲಾದವರ ಹೆಸರು ಸೀಮೆಯಾಚೆಗೂ ತಲುಪಿತು. ಬಸ್ಸು, ಹೋಟೆಲು, ಜಾತ್ರೆಯ ಅಂಗಡಿ ಎಲ್ಲೆಡೆ ಮಾದಪ್ಪನ ಹಾಡು ಕೇಳತೊಡಗಿತು.

ಲಾಭದ ಜೊತೆ ನಷ್ಟವೂ ಇತ್ತು. ಕ್ಯಾಸೆಟ್ಟಿನ ಒಂದು ಮಗ್ಗುಲು ಮೂವತ್ತು ನಿಮಿಷ. ರಾತ್ರಿಯಿಡೀ ಹರಿಯುವ ಸಾಲನ್ನು ಅಷ್ಟರಲ್ಲಿ ಕತ್ತರಿಸಬೇಕು. ಕತೆಯ ಮುಖ್ಯ ಘಟನೆಗಳು ಉಳಿದವು, ಹಾಡುಗಾರ ಕೇಳುಗರ ಜೊತೆ ನಡೆಸುವ ಸಂಭಾಷಣೆ ಹೋಯಿತು. ಸ್ಟುಡಿಯೋದಲ್ಲಿ ಕೀಬೋರ್ಡು, ರಿದಂ ಪ್ಯಾಡು ಸೇರಿದವು. ಒಂದೇ ಸಲ ಸಂಭಾವನೆ ಕೊಟ್ಟು ಕಳುಹಿಸುವುದು ವಾಡಿಕೆಯಾಗಿದ್ದುದರಿಂದ ಮಾರಾಟ ಎಷ್ಟಾದರೂ ಹಾಡುಗಾರನಿಗೆ ಅದರ ಪಾಲು ಮುಟ್ಟುವುದು ಅಪರೂಪವಾಗಿತ್ತು. ಹಿಮ್ಮೇಳದವರ ಹೆಸರಂತೂ ಕವರಿನ ಮೇಲೆ ಕಾಣುತ್ತಲೇ ಇರಲಿಲ್ಲ ಎನ್ನಬಹುದು. ಇನ್ನು ಊರಿನ ಹುಡುಗರು ಜಾತ್ರೆಯಲ್ಲಿ ತಾವೇ ಮುದ್ರಿಸಿಕೊಂಡ ಟೇಪುಗಳ ಮೇಲೆ ಬಾಲ್ ಪೆನ್ನಿನಲ್ಲಿ ‘ಮಾದಪ್ಪನ ಕತೆ, 2’ ಎಂದಷ್ಟೇ ಬರೆದಿರುತ್ತಿತ್ತು. ಹಾಡಿದವರು ಯಾರೆಂದು ಆಗ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಬರೆಯುವ ಅಗತ್ಯ ಕಾಣಲಿಲ್ಲ.

ಜಪಾನಿನ ನೆಲಮಾಳಿಗೆ

ಈಗ ಜಪಾನಿನ ಕತೆ. 1960ರ ದಶಕದ ಕೊನೆಯಲ್ಲಿ ಅಲ್ಲಿನ ದೊಡ್ಡ ಕಂಪೆನಿಗಳು ಯುವಕರ ರಾಕ್ ತಂಡಗಳನ್ನು ಅಚ್ಚುಕಟ್ಟಾಗಿ ಸಿಂಗರಿಸಿ ಮಾರುತ್ತಿದ್ದವು. ‘ದಿ ಟೈಗರ್ಸ್’ ಅಂಥದೊಂದು ಜನಪ್ರಿಯ ತಂಡ. ಈ ತಂಡದ ‘ಸ್ಮೈಲ್ ಫಾರ್ ಮಿ’ ಎಂಬ ಹಾಡನ್ನು 1969ರಲ್ಲಿ ನಿರ್ಮಿಸಿದವರು ಕೊಡಗು ಮೂಲದ, ಬೆಂಗಳೂರಿನಲ್ಲಿ ತಂಡ ಕಟ್ಟಿ ಹಾಡಿ ಲಂಡನ್ನಿಗೆ ಹೋಗಿದ್ದ ಬಿಡ್ಡು. ಮುಂದೆ 1980ರಲ್ಲಿ ‘ಕುರ್ಬಾನಿ’ ಚಿತ್ರಕ್ಕಾಗಿ ಹದಿಹರೆಯದ ನಾಝಿಯಾ ಹಸನ್ ಅವರಿಂದ ಹಾಡಿಸಿದವರೂ ಇವರೇ.

ಕಂಪೆನಿಗಳ ಈ ಲೋಕಕ್ಕೆ ಬೆನ್ನು ಹಾಕಿದ ತರುಣರೂ ಇದ್ದರು. ಅಮೆರಿಕದ ಸೈಕೆಡೆಲಿಕ್ ರಾಕ್ ಅವರಿಗೆ ಸ್ಫೂರ್ತಿ. ಅಮೆರಿಕದಲ್ಲಿ ಆ ಹೆಸರು ಮಾದಕ ವಸ್ತುವಿನ ಅಮಲಿನೊಂದಿಗೆ ತಳಕು ಹಾಕಿಕೊಂಡಿತ್ತು. ಜಪಾನಿನ ಈ ತಂಡಗಳ ಹುಡುಕಾಟ ಹೆಚ್ಚಾಗಿ ಸದ್ದಿನ ಬಗ್ಗೆಯೇ ಇತ್ತು. ಒಂದೇ ಸರಳ ತಾಳ ಅರ್ಧ ಗಂಟೆ ತಿರುಗುತ್ತದೆ, ಅದರ ಮೇಲೆ ಗಿಟಾರಿನ ಕಿವಿಗಡಚಿಕ್ಕುವ ಮೊರೆತ, ಪ್ರತಿಧ್ವನಿ, ದೂರದಿಂದ ಕೇಳಿಬಂದಂತಹ ದನಿ. ಸಣ್ಣ ಕಾಫಿ ಅಂಗಡಿಗಳು, ಕಾಲೇಜಿನ ಸಭಾಂಗಣಗಳು, ನೆಲಮಾಳಿಗೆಗಳಲ್ಲಿ ಇದು ನಡೆಯಿತು.

ಇವರಲ್ಲಿ ಹೆಚ್ಚು ಪ್ರಸಿದ್ಧವಾದದ್ದು, ಹೆಚ್ಚು ಅಜ್ಞಾತವಾಗಿ ಉಳಿದದ್ದೂ ಒಂದೇ ತಂಡ: ‘ಲೆ ರಾಲಿಜ್ ಡೆನ್ಯುಡೆ’. ಮಿಜುತಾನಿ ತಕಾಶಿ ಎಂಬ ವಿದ್ಯಾರ್ಥಿ 1967ರಲ್ಲಿ ಕ್ಯೋಟೊದ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಇದನ್ನು ಕಟ್ಟಿದ. ಅದು ವಿದ್ಯಾರ್ಥಿ ಚಳವಳಿಯ ಕಾಲ. ತಂಡದಲ್ಲಿ ಮೊದಲು ಬೇಸ್ ಗಿಟಾರ್ ನುಡಿಸುತ್ತಿದ್ದ ವಾಕಾಬಯಾಶಿ ಮೊರಿಯಾಕಿ 1970ರ ಮಾರ್ಚ್ 31ರಂದು ಜಪಾನ್ ಏರ್‌ಲೈನ್ಸ್ ವಿಮಾನವನ್ನು ಅಪಹರಿಸಿ ಉತ್ತರ ಕೊರಿಯಾಕ್ಕೆ ಹೋದ ಒಂಬತ್ತು ಜನರಲ್ಲಿ ಒಬ್ಬ. ಮಿಜುತಾನಿ ಅದರಲ್ಲಿ ಇರಲಿಲ್ಲ. ಆದರೆ ಆ ಘಟನೆಯ ನೆರಳು ತಂಡದ ಹೆಸರಿನ ಮೇಲೆ ಉಳಿಯಿತು.

ತಂಡ 1996ರವರೆಗೆ ಆಗಾಗ ಕಾಣಿಸಿಕೊಂಡಿತು. ಆದರೆ ಮಿಜುತಾನಿ ತನ್ನ ಸಂಗೀತವನ್ನು ಮಾರುಕಟ್ಟೆಗೆ ಬಿಡಲು ಒಪ್ಪುತ್ತಿರಲಿಲ್ಲ. ತಾವೇ ಅಧಿಕೃತವಾಗಿ ಹೊರತಂದದ್ದು 1991ರ ಮೂರು ಸಿ.ಡಿ.ಗಳು. ಉಳಿದದ್ದೆಲ್ಲ ಕೇಳುಗರು ಕಚೇರಿಯಲ್ಲಿ ಮುದ್ರಿಸಿಕೊಂಡ ಟೇಪುಗಳು. ಅವು ಕೈಯಿಂದ ಕೈಗೆ ಹೋದವು, ನಕಲಿನಿಂದ ನಕಲಾದವು, ಕೊನೆಗೆ ಬೇರೆ ದೇಶದ ವ್ಯಾಪಾರಿಗಳು ಅನುಮತಿ ಇಲ್ಲದೆ ಅವನ್ನು ಅಚ್ಚು ಹಾಕಿ ಮಾರಿದರು. ಮಿಜುತಾನಿ 2019ರಲ್ಲಿ ತೀರಿಕೊಂಡ ಸುದ್ದಿ ಹೊರಗಿನವರಿಗೆ ತಿಳಿದದ್ದು 2021ರಲ್ಲಿ. ಆಮೇಲೆ ತಂಡದ ಹಳೆಯ ಸದಸ್ಯ ಕುಬೋತಾ ಮಕೋತೊ ಮೂಲ ಟೇಪುಗಳನ್ನು ಹುಡುಕಿ ಸರಿಪಡಿಸಿ, ದಿನಾಂಕ, ಸ್ಥಳ, ನುಡಿಸಿದವರ ಹೆಸರುಗಳೊಂದಿಗೆ ಹೊರತರುವ ಕೆಲಸಕ್ಕೆ ಕೈಹಾಕಿದರು. ಟೋಕಿಯೊದ ‘ಓಝ್’ ಎಂಬ ಸಣ್ಣ ಜಾಗದಲ್ಲಿ 1973ರ ಸುಮಾರಿಗೆ ಮುದ್ರಿಸಿದ ಟೇಪುಗಳು 2022ರಲ್ಲಿ ಅಧಿಕೃತವಾಗಿ ಬಂದವು. ಅಂದರೆ ಸುಮಾರು ಐವತ್ತು ವರ್ಷ ಅವು ಕಾದವು.

ಇನ್ನೊಬ್ಬರ ಹೆಸರನ್ನೂ ಹೇಳಬೇಕು. ಇಕೆಯೆಜುಮಿ ಹಿದೆಯೊ ಟೋಕಿಯೊದಲ್ಲಿ ‘ಮಾಡರ್ನ್ ಮ್ಯೂಸಿಕ್’ ಎಂಬ ಸಣ್ಣ ರೆಕಾರ್ಡ್ ಅಂಗಡಿ ಇಟ್ಟಿದ್ದರು. ಯಾರೂ ಮುಟ್ಟದ ಸಂಗೀತಕ್ಕಾಗಿ 1984ರಲ್ಲಿ ‘ಪಿ.ಎಸ್.ಎಫ್.’ ಎಂಬ ಸಂಸ್ಥೆ ಆರಂಭಿಸಿದರು. 2017ರಲ್ಲಿ ಸಾಯುವವರೆಗೆ ಅವರು ಪ್ರಕಟಿಸಿದ ಧ್ವನಿಗಳಿಂದಲೇ ಹೈನೊ ಕೆಯ್ಜಿಯಂತಹ ಸಂಗೀತಗಾರರನ್ನು ಹೊರಜಗತ್ತು ಕೇಳಿತು. ಒಬ್ಬ ಅಂಗಡಿಯವನ ಶ್ರದ್ಧೆ ಒಂದು ಪರಂಪರೆಯನ್ನು ಉಳಿಸಿತು.

ಇವರ ಸಮಕಾಲೀನರಾದ ‘ತಾಜ್ ಮಹಲ್ ಟ್ರಾವೆಲರ್ಸ್’ ಎಂಬ ತಂಡವಂತೂ 1971–72ರಲ್ಲಿ ಯೂರೋಪಿನಿಂದ ವ್ಯಾನಿನಲ್ಲಿ ಹೊರಟು, ದಾರಿಯುದ್ದಕ್ಕೂ ನುಡಿಸುತ್ತಾ ಆಗ್ರಾದ ತಾಜ್ ಮಹಲಿನವರೆಗೆ ಬಂದಿತ್ತು. ಕೊಸುಗಿ ತಕೆಹಿಸಾ ಇದರ ಮುಂದಾಳು. ನಿಲ್ಲದೆ ಹರಿಯುವ ಒಂದು ಶ್ರುತಿಯ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಬೆಳೆಯುವ ಅವರ ಸಂಗೀತ ತಂಬೂರಿ ಕೇಳಿ ಬೆಳೆದವರಿಗೆ ಅಷ್ಟೇನೂ ಪರಕೀಯವಲ್ಲ.

ಎರಡು ಮೌನಗಳು

ಮಿಜುತಾನಿಗೂ ನಮ್ಮ ನೀಲಗಾರನಿಗೂ ಇರುವ ಸಾಮ್ಯ ಹೊರಗಿನಿಂದ ನೋಡಿದರೆ ಸ್ಪಷ್ಟ. ಇಬ್ಬರದೂ ದೀರ್ಘವಾದ, ಆವರ್ತಿಸುವ, ರಾತ್ರಿಯ ಸಂಗೀತ. ಇಬ್ಬರದೂ ಪ್ರತಿ ಸಲ ಬದಲಾಗುವ ಹಾಡು. ಇಬ್ಬರೂ ದೊಡ್ಡ ಉದ್ಯಮದ ಹೊರಗಿದ್ದವರು. ಇಬ್ಬರ ಧ್ವನಿಯನ್ನೂ ಉಳಿಸಿದ್ದು ಕೇಳುಗರ ಟೇಪು.

ಭೇದವನ್ನೂ ಮರೆಯಬಾರದು. ಮಿಜುತಾನಿ ತಾನಾಗಿ ಮರೆಯಲ್ಲಿ ಉಳಿದ. ಅದು ಅವನ ಆಯ್ಕೆ. ವಿಶ್ವವಿದ್ಯಾಲಯ ಓದಿದ, ಬೇಕೆಂದರೆ ಕಂಪೆನಿಯ ಬಾಗಿಲು ತಟ್ಟಬಹುದಾಗಿದ್ದ ಮನುಷ್ಯ ಅವನು. ಅವನ ಮೌನವೇ ಅವನ ಬೆಲೆಯನ್ನು ಹೆಚ್ಚಿಸಿತು. ನೀಲಗಾರನಿಗೆ ಅಂಥ ಆಯ್ಕೆ ಇರಲಿಲ್ಲ. ಅವನ ಹೆಸರನ್ನು ಬರೆಯದೆ ಬಿಟ್ಟವರು ಬೇರೆಯವರು. ಅದರ ಹಿಂದೆ ಬಡತನವಿದೆ, ಜಾತಿಯಿದೆ, ‘ಜನಪದ ಎಂದರೆ ಯಾರದೂ ಅಲ್ಲದ್ದು’ ಎಂಬ ಅನುಕೂಲದ ತಿಳಿವಳಿಕೆಯಿದೆ. ಒಬ್ಬ ಶಾಸ್ತ್ರೀಯ ಗಾಯಕನ ಕ್ಯಾಸೆಟ್ಟಿನಲ್ಲಿ ತಂಬೂರ ಹಿಡಿದ ಶಿಷ್ಯನ ಹೆಸರೂ ಇರುತ್ತದೆ. ಜನಪದ ಗಾಯಕನ ಟೇಪಿನ ಮೇಲೆ ‘ಸಾಂಪ್ರದಾಯಿಕ’ ಎಂದು ಬರೆದರೆ ಸಾಕು ಎಂದುಕೊಳ್ಳುತ್ತೇವೆ.

ಸನದಿನ ಪಾಠ

ಈ ವಿಷಯದಲ್ಲಿ ಇಸ್ಲಾಮಿನ ವಿದ್ವತ್ ಪರಂಪರೆಯಿಂದ ಕಲಿಯಬಹುದಾದ ಒಂದು ದೊಡ್ಡ ಪಾಠವಿದೆ. ಹದೀಸ್ ಸಂಗ್ರಹಿಸಿದ ವಿದ್ವಾಂಸರಿಗೆ ‘ಹೀಗೆ ಹೇಳಿದರು’ ಎಂಬ ಮಾತು ಮಾತ್ರ ಸಾಕಾಗಲಿಲ್ಲ. ಯಾರು ಯಾರಿಂದ ಕೇಳಿದರು, ಇಬ್ಬರೂ ಒಂದೇ ಕಾಲದಲ್ಲಿ ಇದ್ದರೇ, ಭೇಟಿಯಾಗಿದ್ದರೇ, ಅವರ ಜ್ಞಾಪಕಶಕ್ತಿ ಹೇಗಿತ್ತು, ಅವರು ಸತ್ಯವಂತರೇ ಎಂಬುದನ್ನೆಲ್ಲ ವಿಚಾರಿಸಿದರು. ಈ ಸರಪಳಿಗೆ ಇಸ್ನಾದ್ ಅಥವಾ ಸನದ್ ಎಂದು ಹೆಸರು. ವರದಿಗಾರರ ಜೀವನ ಚರಿತ್ರೆಯೇ ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಯಿತು. ಕ್ರಿ.ಶ. 870ರಲ್ಲಿ ತೀರಿಕೊಂಡ ಇಮಾಮ್ ಬುಖಾರಿಯವರ ಸಂಗ್ರಹದ ಮಹತ್ವ ಅದರೊಳಗಿನ ಮಾತಿನಲ್ಲಿ ಹೇಗೋ ಹಾಗೆ ಈ ಸರಪಳಿಯ ಗಟ್ಟಿತನದಲ್ಲೂ ಇದೆ. ಕನ್ನಡದಲ್ಲಿ ವಕೀಲರಿಗೆ ಕೊಡುವ ‘ಸನ್ನದು’ ಇದೇ ಅರಬಿ ಪದ. ಆಧಾರ, ಅಧಿಕಾರ ಎಂಬ ಅರ್ಥದಲ್ಲಿ ನಮ್ಮ ಹಳ್ಳಿಯ ಕಾಗದ ಪತ್ರಗಳಿಗೂ ಅದು ಎಂದೋ ಬಂದು ಸೇರಿದೆ.

ಕುರ್‌ಆನ್ ಪಾರಾಯಣದ ಧ್ವನಿಮುದ್ರಣದಲ್ಲೂ ಈ ಶಿಸ್ತು ಮುಂದುವರಿಯಿತು. ಈಜಿಪ್ಟಿನ ಮಹ್ಮೂದ್ ಖಲೀಲ್ ಅಲ್ ಹುಸರಿ ಅವರು ಸಂಪೂರ್ಣ ಕುರ್‌ಆನಿನ ಪಾರಾಯಣವನ್ನು 1961ರಲ್ಲಿ ಧ್ವನಿಮುದ್ರಿಸಿದರು. ಇಂಥ ಮುದ್ರಣಗಳ ಮೇಲೆ ಓದಿದವರ ಹೆಸರಿನ ಜೊತೆಗೆ ಯಾವ ಪಠಣ ಪರಂಪರೆಯದು ಎಂಬುದೂ ಇರುತ್ತದೆ: ‘ಆಸಿಮ್ ಅವರಿಂದ ಹಫ್ಸ್’ ಎಂದು. ಸಾವಿರದ ಇನ್ನೂರು ವರ್ಷಗಳ ಹಿಂದಿನ ಗುರು ಶಿಷ್ಯರ ಹೆಸರು ಇಪ್ಪತ್ತನೇ ಶತಮಾನದ ಕ್ಯಾಸೆಟ್ಟಿನ ಮೇಲೆ! ಮೌಖಿಕ ಪರಂಪರೆಯನ್ನು ಗೌರವಿಸುವ ಸಮಾಜ ಧ್ವನಿಯನ್ನು ಹೇಗೆ ದಾಖಲಿಸುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಪವಿತ್ರ ಗ್ರಂಥದ ಪಠಣವನ್ನೂ ಜನಪದ ಕಾವ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಇಲ್ಲಿನ ಉದ್ದೇಶವಲ್ಲ. ಒಂದರಲ್ಲಿ ಅಕ್ಷರವೂ ಬದಲಾಗಬಾರದು, ಇನ್ನೊಂದರಲ್ಲಿ ಬದಲಾವಣೆಯೇ ಜೀವ. ಸಂಗೀತದ ಬಗ್ಗೆ ನಮ್ಮ ಉಲಮಾಗಳಲ್ಲಿ ಇರುವ ಭಿನ್ನಾಭಿಪ್ರಾಯಗಳ ಚರ್ಚೆಯೂ ಇಲ್ಲಿ ಬೇಡ. ವಿಷಯ ಹಕ್ಕಿನದು. ಒಬ್ಬ ಮನುಷ್ಯ ತನ್ನ ಗುರುವಿನಿಂದ ಕಲಿತು, ಜೀವಮಾನವಿಡೀ ಹಾಡಿ, ಮುಂದಿನವರಿಗೆ ದಾಟಿಸಿದ ವಿದ್ಯೆಯ ಮೇಲೆ ಅವನ ಹೆಸರು ಇರಬೇಕಾದದ್ದು ನ್ಯಾಯ. ನೆರೆಯವನ ಹಕ್ಕನ್ನು ಮನ್ನಿಸಬೇಕೆಂದು ಕಲಿತವರು ಈ ಹಕ್ಕನ್ನೂ ಮನ್ನಿಸಬೇಕು.

ಕೋಲುಮಂಡೆಯ ವಿವಾದ

ಹೆಸರಿಲ್ಲದ ಹಾಡು ಹೇಗೆ ಯಾರ ಕೈಗೂ ಹೋಗಬಲ್ಲದು ಎಂಬುದನ್ನು ಒಂದು ಹಾಡಿನ ಪಯಣ ತೋರಿಸುತ್ತದೆ. ಮಹದೇಶ್ವರ ಪರಂಪರೆಯ ಕೋಲುಮಂಡೆ ಜಂಗಮನ ಹಾಡು 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ಬಂತು. ಟಿ.ಎಸ್. ನಾಗಾಭರಣ ನಿರ್ದೇಶನ, ವಿ. ಮನೋಹರ್ ಸಂಗೀತ. ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ದೊರೆಯಿತು. ಸೀಮೆಯ ಹಾಡೊಂದು ನಾಡಿನ ಹಾಡಾಯಿತು, ಜನ ಹೆಮ್ಮೆಪಟ್ಟರು. 2020ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿಯವರ ರ‍್ಯಾಪ್ ರೂಪದ ‘ಕೋಲುಮಂಡೆ’ ಯೂಟ್ಯೂಬಿನಲ್ಲಿ ಬಂದಾಗ, ಶಿವಶರಣೆ ಸಂಕಮ್ಮನನ್ನು ಅಗ್ಗವಾಗಿ ಚಿತ್ರಿಸಲಾಗಿದೆ ಎಂದು ಚಾಮರಾಜನಗರ ಜಿಲ್ಲೆಯ ಭಕ್ತರು ಪ್ರತಿಭಟಿಸಿದರು. ಗಾಯಕ ಕ್ಷಮೆ ಕೇಳಿ ಆ ದೃಶ್ಯಸುರುಳಿಯನ್ನು ತೆಗೆಸಿದರು.

ಆ ಚರ್ಚೆಯಲ್ಲಿ ಭಾವನೆಗೆ ಆದ ಧಕ್ಕೆಯ ಮಾತು ಬಂತು. ಹಾಡುಗಾರರ ಹಕ್ಕಿನ ಮಾತು ಅಷ್ಟಾಗಿ ಬರಲಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಪ್ರದರ್ಶನಕಾರರ ಹಕ್ಕು ಸೇರಿತು. ಈಗ ಅದರ ಅವಧಿ ಐವತ್ತು ವರ್ಷ. 2012ರ ತಿದ್ದುಪಡಿ ವಾಣಿಜ್ಯ ಬಳ

ಕೆಗೆ ರಾಯಧನ ಪಡೆಯುವ ಹಕ್ಕನ್ನೂ, ಪ್ರದರ್ಶನದ ಜೊತೆ ತನ್ನ ಹೆಸರು ಗುರುತಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಆದರೆ ಹೆಸರೇ ಇಲ್ಲದ ಟೇಪಿನಲ್ಲಿ ಹಾಡಿದವನು ‘ಇದು ನನ್ನ ಧ್ವನಿ’ ಎಂದು ರುಜುವಾತು ಮಾಡುವುದು ಹೇಗೆ? ಕಾನೂನು ಬಾಗಿಲು ತೆರೆದಿದೆ. ಒಳಗೆ ಹೋಗಲು ಬೇಕಾದ ಸನದು ಅವನ ಕೈಯಲ್ಲಿಲ್ಲ.

ಅದೇ ಕಾಡಿನ ಬೇರೆ ಕ್ಯಾಸೆಟ್ಟುಗಳು

ಈ ಕಾಡಿನಿಂದ ಬಂದ ಕೆಲವು ಕ್ಯಾಸೆಟ್ಟುಗಳನ್ನು ಇಡೀ ದೇಶ ಕಿವಿಗೊಟ್ಟು ಕೇಳಿದ್ದೂ ಉಂಟು. 2000ದ ಜುಲೈ 30ರಂದು ವೀರಪ್ಪನ್ ತಾಳವಾಡಿ ಸೀಮೆಯ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಅವರು ಬಿಡುಗಡೆಯಾದದ್ದು 108 ದಿನಗಳ ನಂತರ, ನವೆಂಬರ್ 15ರಂದು. ಆ ದಿನಗಳಲ್ಲಿ ಅವನ ಬೇಡಿಕೆಗಳು ಸರ್ಕಾರಗಳಿಗೆ ತಲುಪಿದ್ದು ಕ್ಯಾಸೆಟ್ಟುಗಳ ಮೂಲಕ. ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಆ ಟೇಪಿಗಾಗಿ ಕಾಯುತ್ತಿದ್ದರು.

ಅದೇ ಕಾಲದಲ್ಲಿ ಅದೇ ಕಾಡಿನ ಬಡವರ ಧ್ವನಿಗೆ ಅಷ್ಟು ಬೇಗ ಕಿವಿ ಸಿಗಲಿಲ್ಲ. ಕಾರ್ಯಾಚರಣೆಯ ಹೆಸರಿನಲ್ಲಿ ಸೋಲಿಗರು ಸೇರಿದಂತೆ ಕಾಡಂಚಿನ ಜನ ಅನುಭವಿಸಿದ ಹಿಂಸೆಯ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿಯನ್ನು ನೇಮಿಸಿತು. 89 ಜನರಿಗೆ ಪರಿಹಾರ ಸಿಕ್ಕಿದ್ದು 2007ರಲ್ಲಿ. ಯಾರ ಧ್ವನಿ ದಾಖಲಾಗುತ್ತದೆ, ಯಾರ ಧ್ವನಿಯನ್ನು ಕೇಳಲಾಗುತ್ತದೆ ಎಂಬುದು ಯಂತ್ರದ ಪ್ರಶ್ನೆಯಲ್ಲ, ಅಧಿಕಾರದ ಪ್ರಶ್ನೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಗಳೂ ದೊರೆತವು. ಜೇನಿನ ಮೇಲೆ, ನೆಲ್ಲಿಕಾಯಿಯ ಮೇಲೆ ಹಕ್ಕು ಇದೆ ಎಂದಾದರೆ ತಮ್ಮ ಹಾಡಿನ ಮೇಲೂ ಇರಬೇಕಲ್ಲವೇ?

ಟೇಪು ಮರಳಿ ಬರಲಿ

ಒಂದು ಒಳ್ಳೆಯ ಮಾದರಿ ನಮ್ಮ ಮುಂದಿದೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಸುತ್ತಿ ಹಾಡು, ಕುಣಿತಗಳನ್ನು ಮುದ್ರಿಸಿದ್ದರು. ಅವು ವಿದೇಶದ ಸಂಗ್ರಹಗಳಲ್ಲಿ ಉಳಿದವು. ಅವರ ಶಿಷ್ಯ ನಝೀರ್ ಅಲಿ ಜೈರಾಝ್‌ಭಾಯ್ 1984ರಲ್ಲಿ ತಮ್ಮ ಪತ್ನಿ ಏಮಿ ಕ್ಯಾಟ್ಲಿನ್ ಅವರೊಂದಿಗೆ ಆ ಧ್ವನಿಗಳನ್ನು ಹೊತ್ತು ಅದೇ ದಾರಿಯಲ್ಲಿ ಮತ್ತೆ ಬಂದರು. ಹಾಡಿದವರ ಊರು, ಕುಟುಂಬ, ಸಮುದಾಯಗಳನ್ನು ಹುಡುಕಿ ಕೇಳಿಸಿದರು. ಏನು ಉಳಿದಿದೆ, ಏನು ಬದಲಾಗಿದೆ ಎಂದು ಬರೆದರು. ಭಾರತದ ಸಂಗೀತದ ಧ್ವನಿಗಳು ಭಾರತದಲ್ಲೇ ಸಿಗಬೇಕೆಂದು 1982ರಲ್ಲಿ ಆರಂಭವಾದ ಸಂಗೀತ ಸಂಗ್ರಹಾಲಯದ ಹಿಂದೆಯೂ ಅವರ ಶ್ರಮವಿತ್ತು. ಮುಂಬಯಿಯ ಖೋಜಾ ಕುಟುಂಬದ ಈ ವಿದ್ವಾಂಸರ ಹೆಸರು ನಮ್ಮ ಓದುಗರಿಗೆ ಹೆಚ್ಚು ಪರಿಚಿತವಾಗಬೇಕು.

ನಮ್ಮಲ್ಲೂ ಇಂಥ ಮರುಪಯಣ ನಡೆಯಬೇಕು, ಅದೂ ಬೇಗ. ಕ್ಯಾಸೆಟ್ಟಿನ ಪಟ್ಟಿ ಎಂದರೆ ಪ್ಲಾಸ್ಟಿಕ್ಕಿನ ಮೇಲೆ ಅಂಟಿಸಿದ ಕಬ್ಬಿಣದ ಆಕ್ಸೈಡಿನ ಪುಡಿ. ಮಳೆಗಾಲದ ತೇವಕ್ಕೆ ಅಂಟು ಸಡಿಲುತ್ತದೆ, ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಪಟ್ಟಿ ಸೊಟ್ಟಗಾಗುತ್ತದೆ. ಟಿ.ವಿ., ಸ್ಪೀಕರುಗಳ ಪಕ್ಕ ಇಟ್ಟರೆ ಅಯಸ್ಕಾಂತದಿಂದ ಹಾಳಾಗುತ್ತದೆ. ಕ್ಯಾಸೆಟ್ಟು ಸುಸ್ಥಿತಿಯಲ್ಲಿದ್ದರೂ ಅದನ್ನು ನುಡಿಸುವ ಯಂತ್ರ, ರಿಪೇರಿ ಬಲ್ಲ ಕೈ ಎರಡೂ ಸಿಗುವುದು ಕಷ್ಟವಾಗುತ್ತಿದೆ. ಎಪ್ಪತ್ತರ ದಶಕದಲ್ಲಿ ಹಾಡಿದವರಲ್ಲಿ ಅನೇಕರು ಈಗ ಇಲ್ಲ. ಅವರ ಧ್ವನಿ ಗುರುತಿಸಿ ‘ಇವರು ನಮ್ಮ ತಾತ’ ಎನ್ನಬಲ್ಲವರೂ ಮುದುಕರಾಗಿದ್ದಾರೆ. ಟೇಪು ಉಳಿದು ಗುರುತಿಸುವ ಕಿವಿ ಹೋದರೆ ಸನದು ಅಲ್ಲಿಗೆ ಕಡಿಯುತ್ತದೆ. ಮತ್ತೆ ಅದನ್ನು ಜೋಡಿಸಲಾಗದು.

ಮಾಡಬೇಕಾದ ಕೆಲಸಕ್ಕೆ ದೊಡ್ಡ ಯೋಜನೆಯೇ ಬೇಕೆಂದಿಲ್ಲ. ವಿಶ್ವವಿದ್ಯಾಲಯಗಳು ತಮ್ಮಲ್ಲಿರುವ ಟೇಪುಗಳ ಪಟ್ಟಿಯನ್ನು ಹಾಡುಗಾರರ ಹೆಸರು, ಊರು ಸಮೇತ ಪ್ರಕಟಿಸಬಹುದು. ಪ್ರತಿಯೊಂದರ ನಕಲನ್ನು ಅದು ಹುಟ್ಟಿದ ಊರಿನ ಗ್ರಂಥಾಲಯಕ್ಕೆ, ಪೋಡಿನ ಶಾಲೆಗೆ ಕೊಡಬಹುದು. ಮೊಬೈಲಿನಲ್ಲಿ ಜಾತ್ರೆಯ ಹಾಡು ಹಿಡಿಯುವ ಯುವಕರು ಮೊದಲ ಒಂದು ನಿಮಿಷ ಹಾಡುಗಾರನಿಂದಲೇ ಅವನ ಹೆಸರು, ಊರು, ಗುರುವಿನ ಹೆಸರು, ಹಿಮ್ಮೇಳದವರ ಹೆಸರು, ದಿನಾಂಕ ಹೇಳಿಸಿಕೊಂಡರೆ ಅದೇ ಒಂದು ಇಸ್ನಾದ್.

ನಮ್ಮ ಮನೆಗಳ ಅಟ್ಟದಲ್ಲೂ ಟೇಪುಗಳಿವೆ. ದುಬೈಯಿಂದ ಬಂದ ಧ್ವನಿಪತ್ರಗಳು, ಉರೂಸಿನ ಕವ್ವಾಲಿ, ತೀರಿಹೋದ ಉಸ್ತಾದರ ಪ್ರವಚನ, ಮದುವೆಯ ಬ್ಯಾರಿ ಹಾಡು, ಅಜ್ಜಿ ಹೇಳಿದ ಕತೆ. ಅವುಗಳ ಮೇಲೂ ಹೆಚ್ಚಾಗಿ ಏನೂ ಬರೆದಿಲ್ಲ. ನೀಲಗಾರನ ಟೇಪಿಗೆ ಹೆಸರು ಕೇಳುವಾಗ ಇವುಗಳಿಗೂ ಹೆಸರು ಬರೆಯುವ ಕೆಲಸ ನಮ್ಮದಾಗಬೇಕು. ಕರ್ನಾಟಕದ ಮುಸ್ಲಿಮರ ಬದುಕಿನ ಚರಿತ್ರೆ ಬರೆಯುವವರಿಗೆ ನಾಳೆ ಬೇಕಾಗುವ ಆಧಾರಗಳಲ್ಲಿ ಇವೂ ಸೇರಿವೆ.

ಟೋಕಿಯೊದ ಟೇಪುಗಳನ್ನು ಐವತ್ತು ವರ್ಷದ ನಂತರವಾದರೂ ಬಲ್ಲವರೊಬ್ಬರು ಕುಳಿತು ಕೇಳಿ, ‘ಇದು ಇಂಥ ದಿನ, ಇಂಥ ಜಾಗ, ನುಡಿಸಿದವರು ಇಂಥವರು’ ಎಂದು ಬರೆದರು. ಪುಣಜನೂರಿನಿಂದ ಚಿಕ್ಕಲ್ಲೂರಿನವರೆಗಿನ ಮನೆಗಳಲ್ಲಿ ಉಳಿದಿರುವ ಟೇಪುಗಳಿಗೂ ಅಷ್ಟು ವಯಸ್ಸಾಗುತ್ತಾ ಬಂದಿದೆ. ಕೇಳಿ ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ ಆ ಹೆಸರುಗಳನ್ನು ಬರೆದುಕೊಳ್ಳಬೇಕು.